ಕಾಡಿನ ಜಮಾಖರ್ಚು

ಗಿಡಮರಗಳು ಬಿಸಿಲಿನಲ್ಲಿ ಇಂಗಾಲಾಮ್ಲವಾಯುವನ್ನು ಹೀರಿ ಬೆಳೆಯುತ್ತವೆಂಬುದನ್ನು ಶಾಲೆಯ ಬಾಲಕನೂ ಬಲ್ಲ. ಆದರೆ ಮರವೂ ಮಣ್ಣೂ ಹಗಲಿರುಳು ಉಸಿರಾಡಿ ಅದೇ ವಾಯುವನ್ನು ಹಿಂದಕ್ಕೆ ಬಿಡುತ್ತಲೂ ಇರುತ್ತವೆ. ಹಾಗಾದರೆ ವರ್ಷಾಂತ್ಯದಲ್ಲಿ ಕಾಡಿಗೆ ಉಳಿದದ್ದೆಷ್ಟು? ಊಹೆ ಇದಕ್ಕೆ ಉತ್ತರ ಹೇಳಲಾರದು. ಅಳೆಯಬೇಕು, ಅದೂ ಬಹುಕಾಲ ಅಳೆಯಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಹಾರ್ವರ್ಡ್ ಅರಣ್ಯದಲ್ಲಿ ಸ್ಟೀವನ್ ವೋಫ್ಸಿ ಮತ್ತು ಅವರ ಸಂಗಡಿಗರು 1990ರ ಸುಮಾರಿಗೆ ಈ ಕಾರ್ಯಕ್ಕೆ ತೊಡಗಿದರು. ಮರಗಳ ನೆತ್ತಿಯನ್ನು ಮೀರಿ ನಿಂತ ಗೋಪುರದ ಮೇಲೆ ಉಪಕರಣಗಳನ್ನಿಟ್ಟು, ಗಾಳಿಯ ಸುಳಿಗಳು ಏರುತ್ತಿವೆಯೋ ಇಳಿಯುತ್ತಿವೆಯೋ, ಅವು ಹೊತ್ತ ಇಂಗಾಲಾಮ್ಲವಾಯು ಎಷ್ಟು ಎಂಬುದನ್ನು ಸೆಕೆಂಡಿಗೆ ಹಲವು ಬಾರಿ ದಾಖಲಿಸಿದರು. ಕಾಡಿಗೆ ಇಳಿದದ್ದು ಜಮಾ, ಮೇಲೇರಿದ್ದು ಖರ್ಚು.

1992ರಿಂದ 2004ರವರೆಗಿನ 13 ವರ್ಷಗಳ ಲೆಕ್ಕ 2007ರಲ್ಲಿ ಪ್ರಕಟವಾಯಿತು. ಕಾಡು ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 2.5 ಟನ್ ಇಂಗಾಲವನ್ನು ಉಳಿಸಿಕೊಂಡಿತ್ತು. ಆ ಉಳಿತಾಯ ಬರಬರುತ್ತ ಹೆಚ್ಚುತ್ತಲೂ ಇತ್ತು. ಬಿಸಿಲು, ಉಷ್ಣತೆಗಳನ್ನು ಆಧರಿಸಿ ಕಟ್ಟಿದ ಗಣಿತದ ಮಾದರಿಯೊಂದು ಗಂಟೆಗಂಟೆಯ, ತಿಂಗಳು ತಿಂಗಳಿನ ಏರಿಳಿತವನ್ನು ಚೆನ್ನಾಗಿ ಹೇಳಿತು. ವರ್ಷದಿಂದ ವರ್ಷಕ್ಕೆ ನಡೆದ ಈ ಏರಿಕೆಯನ್ನು ಮಾತ್ರ ಕಾಣಲಾರದೆ ಹೋಯಿತು.

ಕಾರಣವೇನು? ಹವೆಯನ್ನು ಬಲ್ಲ ಮಾದರಿಗೆ ಕಾಡಿನ ಚರಿತ್ರೆ ತಿಳಿದಿರಲಿಲ್ಲ. ಆ ಸೀಮೆಯಲ್ಲಿ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ತೊರೆದ ಹೊಲಗಳಲ್ಲೇ ಕಾಡು ಮತ್ತೆ ಹುಟ್ಟಿತ್ತು. 1938ರ ಚಂಡಮಾರುತ ಅದನ್ನೂ ಕೆಡವಿತ್ತು. ಆ ಬಳಿಕ ಚೇತರಿಸಿಕೊಂಡ ಓಕ್ ಮರಗಳು ಇನ್ನೂ ಬಲಿಯುತ್ತಿದ್ದವು. ಎರಡು ಮೂರು ವರ್ಷ ಅಳೆದು ಗೋಪುರವನ್ನು ಇಳಿಸಿದ್ದರೆ ಮಾದರಿ ನಿರ್ದುಷ್ಟವೆಂದೇ ನಾವು ನಂಬುತ್ತಿದ್ದೆವು.

ಇಂದು ರಾಷ್ಟ್ರಗಳು ತಮ್ಮ ಹೊಗೆಯ ಸಾಲಕ್ಕೆ ಪ್ರತಿಯಾಗಿ ಕಾಡುಗಳ ಉಳಿತಾಯವನ್ನು ತೋರಿಸಹೊರಟಿವೆ. ಆ ಖಾತೆಯಲ್ಲಿ ಅಳತೆಯಷ್ಟೇ ಮಾದರಿಯ ಪಾಲೂ ಇದೆ. ಮಾದರಿಯನ್ನು ತಿದ್ದಬಲ್ಲ ಗುರು ದೀರ್ಘಕಾಲದ ಅಳತೆಯೊಂದೇ. ಆದರೂ ಹಣವಿಲ್ಲವೆಂದಾಗ ಮೊದಲು ಕತ್ತರಿ ಬೀಳುವುದು ಇಂಥ ಸದ್ದಿಲ್ಲದ ಕೆಲಸಕ್ಕೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಆರಂಭಿಸಿದ ವಾಯುಮಂಡಲದ ಅಳತೆ ಜಗದ್ವಿಖ್ಯಾತವಾಯಿತು. ಅದು ಕೂಡ 1964ರಲ್ಲಿ ಹಣದ ಅಭಾವದಿಂದ ಕೆಲವು ತಿಂಗಳು ನಿಂತುಹೋಗಿತ್ತು. ಆ ಬಿರುಕು ದಾಖಲೆಯಲ್ಲಿ ಇಂದಿಗೂ ಉಳಿದಿದೆ.

ಕೆಟ್ಟ ಪ್ರಯೋಗವನ್ನು ಮತ್ತೊಮ್ಮೆ ಮಾಡಬಹುದು. ಕಳೆದುಹೋದ ವರ್ಷವನ್ನು ಮತ್ತೊಮ್ಮೆ ಅಳೆಯಲಾಗದು. ಹೊಸ ಮಾದರಿ ಕಟ್ಟುವವನಿಗೆ ದೊರೆಯುವ ಮನ್ನಣೆಯಲ್ಲಿ ಅರ್ಧವಾದರೂ, ಮಳೆಯಲ್ಲೂ ಹಿಮದಲ್ಲೂ ಗೋಪುರವನ್ನೇರಿ ಉಪಕರಣದ ಧೂಳೊರಸುವವನಿಗೆ ಸಲ್ಲಬೇಡವೆ?