ಹಿಟ್ಟು ನಾದುವ ಪುಟ್ಟ ಕೈಗಳು

ಮನೆಯಲ್ಲಿ ನಾನಖಟಾಯಿ ಮಾಡುವಾಗ ಪುಟ್ಟ ಮಗುವಿಗೆ ಮೊಬೈಲ್ ಕೊಟ್ಟು ಆಚೆ ಕೂರಿಸುವುದು ಇಂದು ಸಾಮಾನ್ಯವಾಗಿದೆ. ಕೆಲಸವೇನೋ ಬೇಗ ಮುಗಿಯುತ್ತದೆ. ಆದರೆ ಮಗುವಿನ ಪಾಲಿನ ಒಂದು ಪಾಠ ಅಲ್ಲಿಗೆ ಕಳೆದುಹೋಗುತ್ತದೆ.

ಸೊರಟೂರಿನಂತಹ ನಮ್ಮ ಗದಗ ಸೀಮೆಯ ಹಳ್ಳಿಗಳಲ್ಲಿ ತಾಯಿ ಜೋಳದ ರೊಟ್ಟಿ ಬಡಿಯುವಾಗ ಬಳಿ ಕುಳಿತ ಮಗುವಿಗೂ ಒಂದು ಹಿಟ್ಟಿನ ಉಂಡೆ ಸಿಗುತ್ತಿತ್ತು. ಅದು ಪುಟ್ಟ ರೊಟ್ಟಿಯಾಗಿ ಹಂಚಿನ ಅಂಚಿನಲ್ಲಿ ಬೇಯುತ್ತಿತ್ತು. ನಾನಖಟಾಯಿಗೂ ಇದೇ ರೀತಿ ಸಲ್ಲುತ್ತದೆ. ಓವನ್ ಬೇಕೆಂದೇನೂ ಇಲ್ಲ. ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಮುಚ್ಚಿ ಕಾಯಿಸಿದರೆ ಸಾಕು. ಬೆಂಕಿಯ ಕೆಲಸ ಹಿರಿಯರದು, ಉಂಡೆ ಕಟ್ಟುವುದು ಮಗುವಿನದು.

'ಆಮೇಲೆ ಕೊಡುತ್ತೇನೆ' ಎಂದು ಪುಸಲಾಯಿಸಿ ಮರೆತುಬಿಡುವುದು ಸಣ್ಣ ಸಂಗತಿಯಲ್ಲ. ಏನೋ ಕೊಡುತ್ತೇನೆಂದು ಮಗನನ್ನು ಕರೆದ ತಾಯಿಯೊಬ್ಬರಲ್ಲಿ ಪ್ರವಾದಿ(ಸ)ರು, ಏನು ಕೊಡಬಯಸಿದ್ದೀರೆಂದು ವಿಚಾರಿಸಿದರು. ಖರ್ಜೂರವೆಂದು ಆಕೆ ಹೇಳಿದಾಗ, ಏನನ್ನೂ ಕೊಡದಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತೆಂದು ಎಚ್ಚರಿಸಿದರು. ಈ ಘಟನೆ ಅಬೂ ದಾವೂದ್‌ನಲ್ಲಿದೆ.

ಇದು ತಾಯಂದಿರ ಹೊಣೆ ಮಾತ್ರವೇ? ಪ್ರವಾದಿ(ಸ)ರು ಮನೆಯಲ್ಲಿದ್ದಾಗ ಮನೆಯವರ ಸೇವೆಯಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿರುವುದು ಬುಖಾರಿಯಲ್ಲಿ ವರದಿಯಾಗಿದೆ. ಹೀಗಿರುವಾಗ, ಹಿಟ್ಟು ನಾದಿದರೆ ತಂದೆಯ ಗೌರವ ಕುಂದುತ್ತದೆಂಬುದು ನಮ್ಮ ರೂಢಿಯ ಮಾತೇ ಹೊರತು ಸುನ್ನತ್ತಿನದಲ್ಲ.

ಉಂಡೆ ವಕ್ರವಾಗಲಿ, ಹಿಟ್ಟು ನೆಲಕ್ಕೆ ಚೆಲ್ಲಲಿ, ನೆಲವನ್ನು ಒರೆಸಬಹುದು. ಬೆಂದ ಮೊದಲ ನಾನಖಟಾಯಿ ತಣಿದೊಡನೆ, ಕೊಟ್ಟ ಮಾತಿನಂತೆ, ಆ ಪುಟ್ಟ ಕೈಗೇ ಸೇರಲಿ.