ಸದ್ದಡಗಿಸುವುದು ಚಿಕಿತ್ಸೆಯಲ್ಲ

ಹಳೆಯ ಮೋಟಾರು ಎಂಜಿನ್ನಿನ ಮೇಲ್ಭಾಗದಿಂದ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಬಂದೊಡನೆ ಅದನ್ನು ಹೇಗಾದರೂ ನಿಲ್ಲಿಸಬೇಕೆಂಬುದು ಕಾರಿನ ಒಡೆಯನ ಬಯಕೆ. ಟ್ಯಾಪೆಟ್ ತಿರುಪನ್ನು ಇನ್ನಷ್ಟು ಬಿಗಿದು ಸದ್ದನ್ನು ಅಡಗಿಸುವುದು ಎಷ್ಟೋ ಮೆಕ್ಯಾನಿಕರ ರೂಢಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಇಬ್ಬರಿಗೂ ತೃಪ್ತಿಯಾಗುತ್ತದೆ, ಕೇಡು ಮಾತ್ರ ಎಂಜಿನ್ನಿಗೆ. ಕಾರಣವನ್ನು ಅರಿಯುವ ಮೊದಲೇ ಲಕ್ಷಣವನ್ನು ಅಳಿಸಿಹಾಕುವ ಈ ಪದ್ಧತಿಯು ವಿಜ್ಞಾನದ ರೀತಿಗೆ ವಿರುದ್ಧವೆಂಬುದು ನನ್ನ ಅಭಿಮತ.

ಅಂಬಾಸಡರ್ ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ೨೦೧೪ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು ಬಹುಕಾಲ ಬ್ರಿಟಿಷ್ ವಿನ್ಯಾಸದ ೧೪೮೯ ಘನ ಸೆಂಟಿಮೀಟರಿನ ಎಂಜಿನ್ನನ್ನು ಹೊತ್ತಿತ್ತು. ಅದರಲ್ಲಿ ಕ್ಯಾಂಷಾಫ್ಟ್ ಕೆಳಗಿದೆ, ವಾಲ್ವುಗಳು ಮೇಲಿವೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಷ್‌ರಾಡನ್ನು ನೂಕುತ್ತದೆ. ಪುಷ್‌ರಾಡ್ ರಾಕರಿನ ಒಂದು ತುದಿಯನ್ನು ಎತ್ತಿದಾಗ, ಏತದ ಮರದಂತೆ, ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ತೆರೆಯುತ್ತದೆ.

ಮುಚ್ಚಿದ ವಾಲ್ವಿಗೂ ರಾಕರಿಗೂ ನಡುವೆ ಸುಮಾರು ೦.೦೧೫ ಅಂಗುಲದ, ಎಂದರೆ ೦.೩೮ ಮಿಲಿಮೀಟರಿನ ತೆರವಿರಬೇಕು. ಕಾದ ಲೋಹವು ಹಿಗ್ಗಲು ಈ ತೆರವು ಅವಶ್ಯಕ. ಸದ್ದಡಗಲೆಂದು ಅದನ್ನು ಇಲ್ಲವಾಗಿಸಿದರೆ ವಾಲ್ವು ತನ್ನ ಪೀಠದ ಮೇಲೆ ಪೂರ್ಣವಾಗಿ ಕೂರಲಾರದು. ಹೊಗೆಯನ್ನು ಹೊರಬಿಡುವ ವಾಲ್ವು ತನ್ನ ಉಷ್ಣದ ಬಹುಭಾಗವನ್ನು ಪೀಠಕ್ಕೆ ಒರಗಿದ ಕ್ಷಣಗಳಲ್ಲಿಯೇ ಇಳಿಸಿಕೊಳ್ಳುತ್ತದೆ. ಆ ಅವಕಾಶ ತಪ್ಪಿದಾಗ ಸಂದಿನಲ್ಲಿ ನುಸುಳುವ ಬೆಂಕಿಯ ಅನಿಲವು ಅದರ ಅಂಚನ್ನೇ ಸುಟ್ಟುಬಿಡುತ್ತದೆ. ತೆರವು ತುಸು ಹೆಚ್ಚಿ ಸದ್ದು ಮಾಡುವ ಎಂಜಿನ್ ಎಚ್ಚರಿಕೆ ಕೊಡುತ್ತದೆ. ತೆರವಿಲ್ಲದ ಎಂಜಿನ್ ಮೌನವಾಗಿಯೇ ಹಾಳಾಗುತ್ತದೆ.

ಇನ್ನು ಎಣ್ಣೆಯ ವಿಚಾರ. ಪಂಪು ತಳ್ಳಿದ ಎಣ್ಣೆಯು ಮುಖ್ಯ ನಾಳವನ್ನು ಸೇರಿ, ಬೇರಿಂಗುಗಳಿಗೆ ಹಂಚಿಹೋಗಿ, ಕೊನೆಗೆ ಕಿರಿದಾದ ರಂಧ್ರದ ಮೂಲಕ ಮೇಲೇರಿ ಟೊಳ್ಳಾದ ರಾಕರ್ ಷಾಫ್ಟನ್ನು ಮುಟ್ಟುತ್ತದೆ. ಒತ್ತಡದ ಮಾಪಕವು ತೋರಿಸುವುದು ಕೆಳಗಿನ ಮುಖ್ಯ ನಾಳದ ಸ್ಥಿತಿಯನ್ನು ಮಾತ್ರ. ಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿದಮಾತ್ರಕ್ಕೆ ಕೊನೆಯ ಗದ್ದೆ ನೆನೆಯಿತೆಂದು ಹೇಳಬಹುದೇ? ಕೆಸರುಗಟ್ಟಿದ ಎಣ್ಣೆ ಆ ಕಿರುರಂಧ್ರವನ್ನು ಮುಚ್ಚಿದ್ದರೂ ಮಾಪಕದ ಮುಳ್ಳು ನಿಶ್ಚಿಂತೆಯಿಂದ ನಿಂತಿರುತ್ತದೆ. ಆಗ ಷಾಫ್ಟ್ ಸವೆಯುವುದು ತನ್ನ ಅಡಿಯಲ್ಲಿ. ಏಕೆಂದರೆ ಪುಷ್‌ರಾಡೂ ವಾಲ್ವಿನ ಸ್ಪ್ರಿಂಗೂ ರಾಕರನ್ನು ಮೇಲಕ್ಕೇ ಒತ್ತುತ್ತವೆ. ಮೇಲಿನಿಂದ ನೋಡಿದವನಿಗೆ ಷಾಫ್ಟ್ ಹೊಸದರಂತೆ ಕಾಣುತ್ತದೆ.

ಅಳತೆಯೂ ಒಮ್ಮೊಮ್ಮೆ ಮೋಸಮಾಡುತ್ತದೆ. ವಾಲ್ವಿನ ತುದಿಯನ್ನು ತಟ್ಟಿ ತಟ್ಟಿ ರಾಕರಿನ ಮೂತಿಯಲ್ಲಿ ಕುಳಿ ಬಿದ್ದಿದ್ದರೆ, ಚಪ್ಪಟೆಯಾದ ಫೀಲರ್ ಗೇಜು ಆ ಕುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಗೇಜು ಸರಿಯೆನ್ನುತ್ತದೆ, ನಿಜವಾದ ತೆರವು ಅದಕ್ಕಿಂತ ಹೆಚ್ಚಾಗಿರುತ್ತದೆ. ಇಲ್ಲಿ ಬೇಕಾದದ್ದು ರಾಕರಿನ ದುರಸ್ತಿ. ತಿರುಪಿನಿಂದ ಅದು ಆಗದು.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಲಿ. ಮೊದಲು ಕಿವಿಗೊಡಬೇಕು. ಕ್ಯಾಂಷಾಫ್ಟ್ ಕ್ರ್ಯಾಂಕಿನ ಅರ್ಧವೇಗದಲ್ಲಿ ತಿರುಗುವುದರಿಂದ, ನಿಮಿಷಕ್ಕೆ ೮೦೦ ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ವಾಲ್ವು ೪೦೦ ಸಲ ಬಡಿಯುತ್ತದೆ. ಬೇರಿಂಗಿನ ಸದ್ದು ಇದಕ್ಕಿಂತ ಗಡುಸು. ಭಾರ ಬಿದ್ದಾಗ ಅದು ಹೆಚ್ಚುತ್ತದೆ. ಬಳಿಕ ಮೇಲಿನ ಮುಚ್ಚಳವನ್ನು ತೆಗೆದು, ನಿಧಾನವಾಗಿ ಓಡುತ್ತಿರುವ ಎಂಜಿನ್ನಿನಲ್ಲಿ ಪ್ರತಿಯೊಂದು ರಾಕರಿನಿಂದಲೂ ಎಣ್ಣೆ ಜಿನುಗುತ್ತಿದೆಯೇ ಎಂದು ನೋಡಬೇಕು. ತೆರವಿನಲ್ಲಿ ಗೇಜಿನ ಎಲೆಯನ್ನು ತೂರಿಸಿದಾಗ ಸದ್ದು ನಿಂತರೆ, ಅಪರಾಧಿ ಆ ವಾಲ್ವಿನ ಬಳಿಯೇ ಇದೆ. ಎಂಜಿನ್ನನ್ನು ನಿಲ್ಲಿಸಿ ತಿರುಪನ್ನು ಮುಟ್ಟುವುದು ಇದೆಲ್ಲದರ ಅನಂತರ. ಮುಂದಿನಿಂದ ಎಣಿಸಿ, ಪೂರ್ಣವಾಗಿ ತೆರೆದ ವಾಲ್ವಿನ ಸಂಖ್ಯೆಯನ್ನು ೯ರಿಂದ ಕಳೆದರೆ ಸರಿಪಡಿಸಬೇಕಾದ ವಾಲ್ವಿನ ಸಂಖ್ಯೆ ದೊರೆಯುತ್ತದೆ: ೮ ತೆರೆದಾಗ ೧, ೬ ತೆರೆದಾಗ ೩.

ಗಟ್ಟಿಯಾದ ಎಣ್ಣೆ ಹಾಕಿದರೆ ಸದ್ದು ತಗ್ಗುವುದಲ್ಲ ಎಂದು ಕೆಲವರು ವಾದಿಸುವರು. ತಗ್ಗಬಹುದು. ಆದರೆ ಮುಂಜಾನೆಯ ಚಳಿಯಲ್ಲಿ ಅಂತಹ ಎಣ್ಣೆ ಮೇಲೇರಲು ಇನ್ನೂ ತಡಮಾಡುತ್ತದೆ. ಮೊದಲೇ ಒಣಗಿದ ರಾಕರುಗಳು ಮತ್ತಷ್ಟು ಸವೆಯುತ್ತವೆ.

ಇಂದಿನ ಹಲವು ಎಂಜಿನ್ನುಗಳಲ್ಲಿ ಈ ತೆರವನ್ನು ಎಣ್ಣೆಯ ಒತ್ತಡವೇ ಸರಿಪಡಿಸಿಕೊಳ್ಳುತ್ತದೆ. ಹೀಗಿರುವಾಗ ಹಳೆಯದರ ಅಭ್ಯಾಸವೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕಾರಣದಿಂದ ಕಾರ್ಯದವರೆಗಿನ ಒಂದೊಂದು ಕೊಂಡಿಯನ್ನೂ ಕಣ್ಣಿನಿಂದ ಕಂಡು, ಕೈಯಿಂದ ಮುಟ್ಟಿ, ಅಳೆದು ತಿಳಿಯಲು ಇಷ್ಟು ಅಗ್ಗದ ಪ್ರಯೋಗಶಾಲೆ ಬೇರೊಂದಿಲ್ಲ. ಗುಜರಿಗೆ ಹೊರಟ ಇಂತಹ ಒಂದು ಎಂಜಿನ್ನನ್ನಾದರೂ ನಮ್ಮ ಕಾಲೇಜುಗಳು ಉಳಿಸಿಕೊಳ್ಳಲಿ. ಅದರ ಮುಂದೆ ನಿಂತ ವಿದ್ಯಾರ್ಥಿಗೆ ತಿರುಪುಳಿಯನ್ನು ಕೊಡುವ ಮೊದಲು, ಸದ್ದು ಎಲ್ಲಿಂದ, ಏಕೆ ಬರುತ್ತಿದೆಯೆಂದು ಬರೆದು ತೋರಿಸುವಂತೆ ಗುರುಗಳು ಕೇಳಲಿ.