ಸಂಬಳದ ಆ್ಯಪ್‌ನಲ್ಲಿ ‘ಅಪ್ರೂವಲ್ ಪೆಂಡಿಂಗ್’ ಯಾಕೆ? ಆ ಹಂತವನ್ನು ತೆಗೆದುಹಾಕಬಹುದೇ?

ಕಂಪನಿಯ ಎಚ್‌ಆರ್ ಆ್ಯಪ್‌ನಲ್ಲಿ ರಜೆ ಹಾಕಿದರೆ ಸಂಜೆಯೊಳಗೆ ಮಂಜೂರಾಗುತ್ತದೆ. ಅದೇ ಆ್ಯಪ್‌ನಲ್ಲಿ ಸಂಬಳ ಬೀಳುವ ಬ್ಯಾಂಕ್ ಖಾತೆ ಬದಲಿಸಲು ಹೋಗಿ, ‘ಅಪ್ರೂವಲ್ ಪೆಂಡಿಂಗ್’ ಎಂದು ನಾಲ್ಕು ದಿನ ಹಾಗೇ ನಿಂತಿರುತ್ತದೆ. ಎಲ್ಲ ಆನ್‌ಲೈನ್ ಆದ ಮೇಲೂ ಈ ಅಪ್ರೂವಲ್ ಯಾಕೆ ಎಂದು ಸಿಟ್ಟು ಬರುವುದು ಸಹಜ. ಹಂತವನ್ನು ತೆಗೆಯಬಹುದು. ಆದರೆ ಅದು ಏನನ್ನು ತಡೆಯುತ್ತಿತ್ತು ಎಂದು ನೋಡದೆ ತೆಗೆದರೆ ನಿಮ್ಮ ಸಂಬಳ ಬೇರೆ ಯಾರದೋ ಖಾತೆಗೆ ಹೋಗಬಹುದು.

ಅರ್ಜಿ ಯಾರಿಂದ ಯಾರಿಗೆ ಹೋಗಬೇಕು, ಯಾರು ಒಪ್ಪಬೇಕು, ಯಾರಿಗೆ ಸಂದೇಶ ಹೋಗಬೇಕು ಎಂಬ ದಾರಿಗೆ ‘ವರ್ಕ್‌ಫ್ಲೋ’ ಎನ್ನುತ್ತಾರೆ. ಹಿಂದೆ ಫೈಲು ಮೇಜಿನಿಂದ ಮೇಜಿಗೆ ಹೋಗುತ್ತಿತ್ತಲ್ಲ, ಅದೇ. ಸಾಫ್ಟ್‌ವೇರ್ ಜೊತೆ ಬಂದ ದಾರಿ ಎಲ್ಲ ಕಂಪನಿಗೂ ಹೊಂದುವುದಿಲ್ಲ, ಹಾಗಾಗಿ ಬದಲಿಸುತ್ತಾರೆ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಪಿಎಫ್. ಮೊದಲು ಪಿಎಫ್ ಖಾತೆಗೆ ಬ್ಯಾಂಕ್ ಖಾತೆ ಜೋಡಿಸಬೇಕಾದರೆ ಬ್ಯಾಂಕ್ ಪರಿಶೀಲಿಸಿದ ಮೇಲೂ ಕಂಪನಿಯ ಒಪ್ಪಿಗೆ ಬೇಕಿತ್ತು. ಬ್ಯಾಂಕಿಗೆ ಸರಾಸರಿ 3 ದಿನ ಸಾಕಾಗುತ್ತಿತ್ತು, ಕಂಪನಿಗೆ 13 ದಿನ ಹಿಡಿಯುತ್ತಿತ್ತು. ಸುಮಾರು 15 ಲಕ್ಷ ಅರ್ಜಿಗಳು ಕಂಪನಿಗಳ ಬಳಿಯೇ ಉಳಿದಿದ್ದವು. 2025ರ ಏಪ್ರಿಲ್‌ನಲ್ಲಿ ಇಪಿಎಫ್‌ಒ ಈ ಒಪ್ಪಿಗೆಯನ್ನೇ ತೆಗೆದುಹಾಕಿತು. ಖಾತೆ ನಿಮ್ಮದೇ ಎಂದು ಬ್ಯಾಂಕ್ ಹೇಳುತ್ತದೆ. ಖಾತೆ ಬದಲಿಸುವವರು ನೀವೇ ಎಂದು ಆಧಾರ್ ಒಟಿಪಿ ಹೇಳುತ್ತದೆ. ಕಂಪನಿಯ ಸಹಿ ಇವೆರಡಕ್ಕಿಂತ ಹೆಚ್ಚಿನದೇನನ್ನೂ ಹೇಳುತ್ತಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಹೆಸರು, ಜನ್ಮದಿನಾಂಕ ತಿದ್ದಲು ಕಂಪನಿಯ ಒಪ್ಪಿಗೆ ಬೇಡ ಎಂದಾಗಲೂ ಅದು ಎಲ್ಲರಿಗೂ ಅನ್ವಯವಾಗಲಿಲ್ಲ. 2017ರ ಅಕ್ಟೋಬರ್ 1ರಿಂದ ಈಚೆಗೆ, ಆಧಾರ್ ಆಧಾರದ ಮೇಲೆ ಯುಎಎನ್ ಪಡೆದವರಿಗೆ ಮಾತ್ರ ಸಿಕ್ಕಿತು. ಹಳೆಯ ದಾಖಲೆಗಳಿಗೆ ಆ ಭದ್ರತೆ ಇರಲಿಲ್ಲ.

ಹಾಗಾಗಿ ‘ಪಿಎಫ್‌ಗೆ ಈಗ ಮಾಲೀಕರ ಒಪ್ಪಿಗೆ ಬೇಡ, ಈ ಲಿಂಕ್ ಒತ್ತಿ ಖಾತೆ ಬದಲಿಸಿ’ ಎಂಬ ಫಾರ್ವರ್ಡ್ ಬಂದರೆ ಮೊದಲರ್ಧ ನಿಜ, ಲಿಂಕನ್ನು ಮುಟ್ಟಬೇಡಿ. ಒಪ್ಪಿಗೆಯ ಜಾಗಕ್ಕೆ ಒಟಿಪಿ ಬಂದಿರುವುದರಿಂದ ಒಟಿಪಿ ಹೇಳಿದರೆ ಸಹಿ ಹಾಕಿಕೊಟ್ಟಂತೆಯೇ.

ಈ ಅಪಾಯ ಕಲ್ಪನೆಯಲ್ಲ. ನೌಕರರ ಪಾಸ್‌ವರ್ಡ್ ಕದ್ದು, ಸೆಲ್ಫ್ ಸರ್ವಿಸ್ ಪೋರ್ಟಲ್‌ಗೆ ಹೋಗಿ ಸಂಬಳದ ಖಾತೆ ಬದಲಿಸುವ ವಂಚನೆಯ ಬಗ್ಗೆ ಅಮೆರಿಕದ ಎಫ್‌ಬಿಐ 2018ರಲ್ಲೇ ಎಚ್ಚರಿಸಿತ್ತು. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಇಂಥದ್ದೇ ಒಂದು ಪ್ರಕರಣವನ್ನು ವಿವರಿಸಿತು. ಅಲ್ಲಿನ 3 ವಿಶ್ವವಿದ್ಯಾಲಯಗಳ 11 ಇಮೇಲ್ ಖಾತೆಗಳನ್ನು ವಶಪಡಿಸಿಕೊಂಡ ಕಳ್ಳರು, ಅವುಗಳಿಂದ 25 ವಿಶ್ವವಿದ್ಯಾಲಯಗಳ ಸುಮಾರು 6,000 ವಿಳಾಸಗಳಿಗೆ ಮೋಸದ ಮೇಲ್ ಕಳಿಸಿದ್ದರು. ಅವರ ಜಾಣತನ ನೋಡಿ: ‘ನಿಮ್ಮ ಖಾತೆ ವಿವರ ಬದಲಾಗಿದೆ’ ಎಂಬ ವರ್ಕ್‌ಡೇ ಸಾಫ್ಟ್‌ವೇರ್‌ನ ಮೇಲ್ ಬಂದ ಕೂಡಲೇ ತಾನಾಗಿ ಅಳಿಸಿಹೋಗುವಂತೆ ಇನ್‌ಬಾಕ್ಸ್‌ನಲ್ಲಿ ನಿಯಮ ಹಾಕಿದ್ದರು. ಸಾಫ್ಟ್‌ವೇರ್‌ನಲ್ಲಿ ದೋಷವಿರಲಿಲ್ಲ. ಎಚ್ಚರಿಕೆ ಇಮೇಲ್ ಒಂದಕ್ಕೇ ಹೋಗುವ ವರ್ಕ್‌ಫ್ಲೋ ಯಾಕೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. ದಾಖಲೆಯಲ್ಲಿ ಮೊದಲಿಂದ ಇದ್ದ ಮೊಬೈಲ್ ನಂಬರಿಗೂ ಹೋಗಬೇಕು. ನಂಬರ್ ಮತ್ತು ಖಾತೆ ಎರಡನ್ನೂ ಒಂದೇ ದಿನ ಬದಲಿಸಲು ಬಿಡಬಾರದು.

ಇನ್ನು ತಾಂತ್ರಿಕ ಕಡೆ. ತಯಾರಕರು ಕೊಟ್ಟ ಮೂಲ ವರ್ಕ್‌ಫ್ಲೋವನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು. ಮೂಲದ ಪ್ರತಿ ಮಾಡಿಕೊಂಡು ಅದನ್ನು ಬದಲಿಸಬೇಕು, ಮೊದಲು ಟೆಸ್ಟ್ ಸಿಸ್ಟಂನಲ್ಲಿ ಓಡಿಸಿ ನೋಡಬೇಕು. ಅರ್ಧ ದಾರಿಯಲ್ಲಿರುವ ಅರ್ಜಿಗಳದ್ದು ಇನ್ನೊಂದು ತಲೆನೋವು. ಒರಾಕಲ್ ವರ್ಕ್‌ಫ್ಲೋದಲ್ಲಿ ಅರ್ಜಿ ಹೊರಟಾಗ ಇದ್ದ ದಾರಿಯಲ್ಲೇ ಅದು ಕೊನೆಯವರೆಗೂ ಸಾಗುತ್ತದೆ, ಆದರೆ ಸಂದೇಶಗಳು ಮತ್ತು ಆಯ್ಕೆಗಳ ಪಟ್ಟಿಗೆ ಈ ರಕ್ಷಣೆ ಇಲ್ಲ, ಅವು ತಕ್ಷಣ ಬದಲಾಗುತ್ತವೆ. ‘ಒಪ್ಪಿಗೆ, ತಿರಸ್ಕಾರ’ ಇದ್ದ ಕಡೆ ‘ವಾಪಸ್ ಕಳಿಸಿ’ ಎಂದು ಸೇರಿಸಿದಿರಿ ಅನ್ನಿ. ಹಳೆಯ ಅರ್ಜಿಗೆ ಮ್ಯಾನೇಜರ್ ಅದನ್ನೇ ಒತ್ತಿದರೆ ಮುಂದಿನ ದಾರಿಯೇ ಇಲ್ಲದೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಷ್ಟೋ ‘ಪೆಂಡಿಂಗ್’ಗಳ ಹಿಂದೆ ಯಾರ ಸೋಮಾರಿತನವೂ ಇರುವುದಿಲ್ಲ!

ಮ್ಯಾನೇಜರ್ ರಜೆಯಲ್ಲಿದ್ದಾಗ ಒಪ್ಪಿಗೆ ತಾನಾಗಿ ಸಿಗುವಂತೆ ಮಾಡಿಟ್ಟುಕೊಳ್ಳುವುದು ಸುಲಭದ ದಾರಿ. ಒಂದು ದಿನದ ರಜೆಗೆ ಪರವಾಗಿಲ್ಲ. ಬ್ಯಾಂಕ್ ಖಾತೆಗೆ ಬೇಡವೇ ಬೇಡ, ಅದು ಇನ್ನೊಬ್ಬ ಅಧಿಕಾರಿಗೆ ಹೋಗಬೇಕು.

ನೀವು ಕೇಳದೇ ಖಾತೆ ಬದಲಾದ ಸಂದೇಶ ಬಂದರೆ ಅದರಲ್ಲಿನ ಲಿಂಕ್ ಒತ್ತದೆ ಎಚ್‌ಆರ್‌ಗೆ ನೇರವಾಗಿ ಫೋನ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಇಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಗೊತ್ತಿಲ್ಲದ ಫಿಲ್ಟರ್ ಇದೆಯೇ ನೋಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.